ಅಂಗಳದಾಚೆಯ ಬಾಣಂತನ

ಹೊಟ್ಟೆನೋವು ಶುರುವಾದಾಗ ಎಲ್ಲರೂ ಬೈದದ್ದು ಮೆಣಸಿನಕಾಯಿಯನ್ನು.

ನಾನು ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುವವಳು. ಮನೆಯ ಹಿಂದೆ ಅಂಗಳ, ಅಂಗಳದಾಚೆ ತಗಡಿನ ಶೆಡ್ಡು, ಅದರೊಳಗೆ ಕುಟ್ಟುವ ಮಷಿನ್ನುಗಳು. ಶಿವರಾತ್ರಿ ಹತ್ತಿರ ಬಂತೆಂದರೆ ಹಾವೇರಿ, ಅಗಡಿ, ಮೇಡ್ಲೇರಿ ಕಡೆಯ ಹೆಂಗಸರು ಪೇಟೆಯಲ್ಲಿ ಮೆಣಸಿನಕಾಯಿ ಕೊಂಡು ನೇರ ನಮ್ಮ ಬಾಗಿಲಿಗೆ ಬರುತ್ತಾರೆ. ತೊಟ್ಟು ಬಿಡಿಸಿ, ಹುರಿದು, ಕೊತ್ತಂಬರಿ, ಒಣಕೊಬ್ಬರಿ, ಬೆಳ್ಳುಳ್ಳಿ, ಅರಿಷಿಣ ಸೇರಿಸಿ ಅವರ ಮನೆಗೆ ವರ್ಷಕ್ಕಾಗುವಷ್ಟು ಮಸಾಲೆ ಖಾರ ಕುಟ್ಟಿಕೊಡುತ್ತೇನೆ. ಆ ದಿನಗಳಲ್ಲಿ ನನಗೆ ಊಟಕ್ಕೆ ಕೂರಲೂ ಪುರುಸೊತ್ತಿರುವುದಿಲ್ಲ.

ಈ ಸಲದ ಹಂಗಾಮಿನಲ್ಲಿ ಮೇಲ್ಹೊಟ್ಟೆಯಲ್ಲಿ ಒಂದು ನೋವು ಬಂತು. ಉಂಡ ಮೇಲೆ ಹೆಚ್ಚು. ಮಲಗಿದರೆ ಇನ್ನೂ ಹೆಚ್ಚು. ಮುಂದೆ ಹಿಡಿದು ಬೆನ್ನಿಗೆ ಹಾಯುತ್ತಿತ್ತು. ಬಸ್ ಕಂಡಕ್ಟರಾಗಿದ್ದು ಈಗ ನಿವೃತ್ತರಾಗಿ ಮನೆಯಲ್ಲಿರುವ ನಮ್ಮ ಯಜಮಾನರಿಂದ ಹಿಡಿದು ಔಷಧಿ ಅಂಗಡಿಯವನ ತನಕ ಎಲ್ಲರದ್ದೂ ಒಂದೇ ರಾಗ. ಖಾರ ತಿಂದು ತಿಂದು ಹೊಟ್ಟೆ ಸುಟ್ಟುಕೊಂಡಿದ್ದಾಳೆ ಅಂತ.

ನನಗೆ ನೋವಿಗಿಂತ ಈ ಮಾತು ಹೆಚ್ಚು ಉರಿಸಿತು. ಬ್ಯಾಡಗಿ ಕಾಯಿಗೆ ಇರುವುದು ಬಣ್ಣ. ಖಾರ ಎಲ್ಲಿದೆ? ಇದನ್ನು ಇದೇ ಊರಲ್ಲಿ ಹುಟ್ಟಿದವರಿಗೂ ಹೇಳಿಕೊಡಬೇಕೇ? ಆದರೂ ನೋವಿಗೆ ಅಂಜಿ ಖಾರ ಬಿಟ್ಟೆ. ಮಜ್ಜಿಗೆ ಅನ್ನ ಉಂಡೆ. ಗ್ಯಾಸಿನ ಗುಳಿಗೆ ನುಂಗಿದೆ. ನೋವು ಜಗ್ಗಲಿಲ್ಲ. ಕುಪ್ಪಸ ಸಡಿಲಾಯಿತು. ಮೈಯೆಲ್ಲ ತುರಿಕೆ ಎದ್ದಿತು.

ಅಂಗೈ ಹಳದಿಯಾದಾಗ ಅರಿಷಿಣ ಎಂದುಕೊಂಡೆ. ಮೈ ತುರಿಸಿದಾಗ ಖಾರದ ಧೂಳು ಎಂದುಕೊಂಡೆ. ನನ್ನ ಕಸುಬೇ ನನ್ನ ರೋಗಕ್ಕೆ ಜಾಮೀನು ನಿಂತಿತ್ತು. ಬೇರೆ ಊರಿನ ಹೆಂಗಸಾಗಿದ್ದರೆ ಕೈ ಹಳದಿಯಾದ ದಿನವೇ ಹೌಹಾರುತ್ತಿದ್ದಳು. ನಾನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ.

ನಮ್ಮ ಒಬ್ಬಳೇ ಮಗಳು ಸುಮಾಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೇವೆ. ಆಕೆಯ ಅತ್ತೆ ನೀಲವ್ವ ಜೋರಿನ ಹೆಂಗಸು. ನಾನೂ ಕಡಿಮೆಯವಳಲ್ಲ. ಮದುವೆಯಲ್ಲಿ ಊಟದ ಪಂಕ್ತಿಯ ಸಲುವಾಗಿ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದು, ಅಂದಿನಿಂದ ನಮ್ಮ ನಡುವೆ ಅಷ್ಟಕ್ಕಷ್ಟೇ. ಯುಗಾದಿಗೆ ಮುಂಚೆ ಒಂದು ದಿನ ಆಕೆ ಸಕ್ಕರೆ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಸುಮಾ ಬಸುರಿ. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಇದ್ದ ಜಗಳವನ್ನೆಲ್ಲ ಮರೆತು ಅವರ ಬಾಯಿಗೆ ಸಕ್ಕರೆ ಹಾಕಲು ಹೋದೆ. ಅವರು ನನ್ನ ಕೈ ತಡೆದು, ಮುಖವನ್ನೇ ನೋಡುತ್ತ ನಿಂತು, ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಜಗ್ಗಿದರು.

"ಬೀಗತ್ಯಾರ, ಕಣ್ಣಿಗೂ ಅರಿಷಿಣ ಹಚಗೋತೀರೇನು?"

ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ, ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು.

ಹಾವೇರಿಯಲ್ಲಿ ಸ್ಕ್ಯಾನಿಂಗ್ ಮಾಡಿದವರು ಮುಖ ಸಪ್ಪಗೆ ಮಾಡಿಕೊಂಡು ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಬಯಾಪ್ಸಿ. ಕಟ್ಟಿಕೊಂಡ ಪಿತ್ತ ಇಳಿಯಲೆಂದು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು. ಕಣ್ಣಿನ ಹಳದಿ ಇಳಿಯಿತು. ಬಯಾಪ್ಸಿ ರಿಪೋರ್ಟ್ ಬಂದ ದಿನ ನಮ್ಮ ಯಜಮಾನರನ್ನು ಮಾತ್ರ ಒಳಗೆ ಕರೆದರು. ನನಗೆ ಹೊರಗಿನ ಬೆಂಚು. ಬಾಗಿಲಿನ ಗಾಜಿನೊಳಗಿಂದ ನೋಡುತ್ತಿದ್ದೆ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಕಣ್ಣಿಗೆ ಒತ್ತಿಕೊಂಡರು.

ನಾನು ಬಾಗಿಲು ನೂಕಿಕೊಂಡು ಒಳಗೆ ಹೋದೆ.

"ಹೊಟ್ಟಿ ನಂದು. ನನಗ ಹೇಳ್ರಿ."

ಡಾಕ್ಟರ್ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಣ್ಣುಮಗಳು. ಧಾರವಾಡ ಕಡೆಯವರು. ಕುರ್ಚಿ ತೋರಿಸಿ ಕೂರಿಸಿದರು. ಮುಚ್ಚುಮರೆ ಮಾಡಲಿಲ್ಲ.

"ಪ್ಯಾಂಕ್ರಿಯಾಸ್ ಅಂತ ಹೊಟ್ಟಿ ಹಿಂದ ಒಂದು ಗ್ರಂಥಿ ಇರತೈತ್ರಿ ಗಿರಿಜವ್ವಾರ. ಅದರಾಗ ಕ್ಯಾನ್ಸರ್ ಗಡ್ಡಿ ಆಗೇತಿ. ದೂರ ಎಲ್ಲೂ ಹರಡಿಲ್ಲ. ಆದ್ರ ದೊಡ್ಡ ರಕ್ತನಾಳಕ್ಕ ಸುತಗೊಂಡೈತಿ. ಈಗ ಆಪರೇಷನ್ ಮಾಡಾಕ ಬರೂದಿಲ್ಲ. ಕೀಮೋ ಶುರು ಮಾಡೋಣು."

ಬಾಯಿಗೆ ಬಂದದ್ದು ಇಷ್ಟೇ.

"ಖಾರ ತಿಂದಿದ್ದಕ್ಕ ಬಂದೈತೇನ್ರಿ?"

"ಇಲ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಂಗಾದ್ರ ಅದನ್ನ ಇವರಿಗೆ ಒಮ್ಮೆ ಜೋರಾಗಿ ಹೇಳ್ರಿ."

ಅಳುತ್ತಿದ್ದ ಯಜಮಾನರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಡಾಕ್ಟರ್ ನಕ್ಕುಬಿಟ್ಟರು. ಆಮೇಲೆ ಬ್ಯಾಡಗಿಗೆ ಬರುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ನಾನೂ ಅತ್ತೆ. ಸಾಯುವ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ಮಗಳು ಬಸುರಿಯಾದ ಸುದ್ದಿ ಬಂದ ದಿನವೇ ಈ ಹಾಳಾದ್ದು ಕಣ್ಣಿಗೆ ಬಂದು ಕೂತಿತ್ತಲ್ಲ, ಅದಕ್ಕೆ ಸಿಟ್ಟು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೆ ಗಂಡನ ಮನೆಯಲ್ಲಿ ಕುಬಸ ಮಾಡುತ್ತಾರೆ, ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸಿ ಉಡಿ ತುಂಬುತ್ತಾರೆ, ಆಮೇಲೆ ತವರಿನವರು ಹೋಗಿ ಕರೆತರುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಅವ್ವನದೇ. ಹೆರಿಗೆ, ಪಥ್ಯ, ಕೆಂಡದ ಕಾವಿಗೆ ಮೈ ಕಾಯಿಸುವುದು, ಕೂಸಿಗೆ ನೀರು ಎರೆಯುವುದು. ನನ್ನ ಅವ್ವ ನನಗೆ ಮಾಡಿದ್ದಳು. ಚಾಚಿದ ಕಾಲ ಮೇಲೆ ಸುಮಾಳನ್ನು ಮಲಗಿಸಿಕೊಂಡು ಆಕೆ ನೀರು ಹಾಕುತ್ತಿದ್ದ ರೀತಿ ಇನ್ನೂ ನನ್ನ ಕಣ್ಣಲ್ಲಿದೆ. ನಾನೂ ನನ್ನ ಮಗಳ ಕೂಸಿಗೆ ಹಾಗೆ ಎರೆಯಬೇಕು. ರೈಲು ಹಾವೇರಿ ದಾಟುವಷ್ಟರಲ್ಲಿ ಹಟ ಹಿಡಿದೆ. ಏನಾದರಾಗಲಿ, ಬಾಣಂತನ ನಾನೇ ಮಾಡುತ್ತೇನೆ.

ಕೀಮೋ ಶುರುವಾಯಿತು. ಎದೆಯ ಚರ್ಮದೊಳಗೆ ಪೋರ್ಟ್ ಎಂಬ ಸಣ್ಣ ಡಬ್ಬಿ ಇಟ್ಟರು, ಅದರಲ್ಲೇ ಔಷಧ. ಹುಬ್ಬಳ್ಳಿಗೆ ಹೋಗುವುದು, ಬರುವುದು, ಬಂದು ಮಲಗುವುದು. ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತೆ. ಬಾಯಿಗೆ ಯಾವ ರುಚಿಯೂ ಇಲ್ಲ. ಕೂದಲು ಹೋಯಿತು, ಹೋಗಲಿ ಎಂದೆ. ಆದರೆ ಒಂದು ದಿನ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರು. ಆ ವಾಸನೆಗೆ ಕಕ್ಕಿಬಿಟ್ಟೆ.

ಅದರಿಂದ ನನಗೆ ಬಹಳ ನೋವಾಯಿತು. ಮೂಗಿಗೆ ಹಿಡಿದು ಕಾಯಿ ಹೊಸದೋ ಹಳೆಯದೋ ಹೇಳುತ್ತಿದ್ದವಳು ನಾನು. ಗಿರಣಿಗೆ ಬೀಗ ಹಾಕಿಸಿದೆ. ಧೂಳಿನಲ್ಲಿ ಓಡಾಡಬೇಡಿ ಎಂದು ಡಾಕ್ಟರ್ ಹೇಳಿದ್ದರು, ಅದೂ ಒಂದು ನೆವವಾಯಿತು. ಬೀಗದ ಕೈ ಯಜಮಾನರ ಕೈಗೆ ಕೊಡುವಾಗ ಅವರು ಮುಖ ತಿರುಗಿಸಿಕೊಂಡರು.

ನೋಡಲು ಬರುವವರ ಕಾಟ ಬೇರೆ. ಬಾಳೆಹಣ್ಣು ಹಿಡಿದು ಬರುತ್ತಾರೆ, ಚಾಪೆಯ ಮೇಲೆ ಕೂರುತ್ತಾರೆ, ನನ್ನ ತಲೆ ನೋಡಿ ಲೊಚಗುಟ್ಟುತ್ತಾರೆ, ಆಮೇಲೆ ಇದೇ ರೋಗದಲ್ಲಿ ಯಾರು ಯಾರು ಹೋದರು ಎಂಬ ಪುರಾಣ ತೆಗೆಯುತ್ತಾರೆ. ಒಬ್ಬಾಕೆ ನನ್ನೆದುರೇ ಯಜಮಾನರಿಗೆ "ಎಷ್ಟ ದಿನಾ ಅಂದಾರ?" ಎಂದು ಕೇಳಿದಳು.

"ಯವ್ವಾ, ನಾ ಇನ್ನೂ ಇಲ್ಲೇ ಕುಂತೇನಿ," ಎಂದೆ. "ಬಾಳಿಹಣ್ಣ ಇಟ್ಟ ಹೋಗು. ಸತ್ತವರ ಸುದ್ದಿ ಹೊಳ್ಳಿ ಒಯ್ಯಿ."

ಆಮೇಲೆ ನೋಡಲು ಬರುವವರು ಕಡಿಮೆಯಾದರು. ನನಗೂ ನೆಮ್ಮದಿಯಾಯಿತು. ಯಜಮಾನರು ಮಾತ್ರ ಶನಿವಾರ ತಪ್ಪದೆ ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬರುತ್ತಿದ್ದರು. ಏನು ಬೇಡಿಕೊಂಡಿರಿ ಎಂದರೆ ಹೇಳುತ್ತಿರಲಿಲ್ಲ.

ಶ್ರಾವಣದಲ್ಲಿ ಸುಮಾಳ ಕುಬಸವಾಯಿತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ರಾಣೆಬೆನ್ನೂರಿಗೆ ಹೋದೆ. ನೀಲವ್ವ ನನ್ನನ್ನು ಅಡುಗೆಮನೆಗೆ ಕರೆದು, "ಸುಮಾ ಇಲ್ಲೇ ಇರಲಿ ಬೀಗತ್ಯಾರ. ನಿಮ್ಮ ಜೀವಾನ ನಿಮಗ ಹೊರಿ ಆಗೇತಿ. ಬಾಣಂತನ ನಿಮ್ಮ ಕೈಲೆ ನೀಗೂದಿಲ್ಲ," ಎಂದರು. ಒಳ್ಳೆಯದಕ್ಕೇ ಅಂದಿರಬಹುದು. ನನಗೆ ಮೈಯೆಲ್ಲ ಉರಿಯಿತು. "ತವರುಮನಿ ಅನ್ನೂದು ಇನ್ನೂ ಐತ್ರಿ," ಎಂದು ಹೇಳಿ ಅದೇ ದಿನ ಮಗಳನ್ನು ಕರೆದುಕೊಂಡು ಬಂದೆ.

ಸ್ವಲ್ಪ ದಿನಕ್ಕೆ ಹುಬ್ಬಳ್ಳಿಯಲ್ಲಿ ಮತ್ತೆ ಸ್ಕ್ಯಾನ್. ಗಡ್ಡೆ ಬೆಳೆದಿರಲಿಲ್ಲ. ತುಸು ಸಣ್ಣದಾಗಿತ್ತು. ಆದರೆ ರಕ್ತನಾಳವನ್ನು ಬಿಟ್ಟಿರಲಿಲ್ಲ. ಡಾಕ್ಟರ್ ಹೊಸದೊಂದು ದಾರಿ ಹೇಳಿದರು.

"ಹೊರಗಿಂದ ರೇಡಿಯೇಷನ್ ಕೊಟ್ರ ಸುತ್ತಲಿನ ಕರುಳಿಗೂ ಪೆಟ್ಟು ಬೀಳತೈತಿ. ಇದು ಹಂಗಲ್ಲ. ಬಾಯಾಗಿಂದ ಎಂಡೋಸ್ಕೋಪ್ ಇಳಿಸಿ, ರೇಡಿಯೇಷನ್ ತುಂಬಿದ ಸಣ್ಣ ಕಡ್ಡಿ ಗಡ್ಡಿ ಒಳಗ ಇಡತಾರ. ಅಕ್ಕಿಕಾಳಿನಕಿಂತ ಸಣ್ಣವು. ಅವು ಅಲ್ಲೇ ಕುಂತು ನಿಧಾನಕ್ಕ ಅದನ್ನ ಸುಡತಾವ. ಕೀಮೋನೂ ಜೊತಿಗೇ ನಡಿತೈತಿ. ಬೆಂಗಳೂರಾಗ ಮಾಡತಾರ, ನಾ ಬರದು ಕೊಡತೇನಿ. ಎಲ್ಲಾರಿಗೂ ಗುಣ ಬರತೈತಿ ಅಂತ ನಾ ಹೇಳೂದಿಲ್ಲ. ಆದ್ರ ನಿಮಗ ಮಾಡಿ ನೋಡಬೇಕು ಅನಸ್ತೈತಿ."

"ಮಾಡ್ರಿ ಮತ್ತ."

"ಇನ್ನೊಂದು ಮಾತ ಐತ್ರಿ. ಅವು ಒಳಗ ಇರೂತನಕಾ ಸ್ವಲ್ಪ ರೇಡಿಯೇಷನ್ ಹೊರಗೂ ಬರತೈತಿ. ದೊಡ್ಡವರಿಗೆ ಏನೂ ಆಗೂದಿಲ್ಲ. ಬಸುರಿ ಹೆಣ್ಣಮಕ್ಕಳು, ಸಣ್ಣ ಕೂಸು ಮಾತ್ರ ಹತ್ತರ ಬರಬಾರದು. ದೂರ ಇದ್ರ ನಡಿತೈತಿ. ತೊಡಿ ಮ್ಯಾಲೆ ಹಾಕ್ಕೊಳ್ಳೂದು, ಎತಗೊಳ್ಳೂದು ಬ್ಯಾಡ. ಒಂದ ಮೂರು ತಿಂಗಳು."

ಮೂರು ತಿಂಗಳು. ಬಾಣಂತನವೆಲ್ಲ ಅಲ್ಲಿಗೇ ಮುಗಿಯುತ್ತದೆ.

ಹೆರಿಗೆ ಆದ ಮೇಲೆ ಮಾಡಿಸಿಕೊಂಡರೆ ಆಗದೇ ಎಂದು ಕೇಳಿದೆ. ಎರಡು ಸಲ ಕೇಳಿದೆ. ಡಾಕ್ಟರ್ ಸ್ಕ್ಯಾನ್ ಕಡೆ ಬೆರಳು ತೋರಿಸಿದರು.

"ಗಡ್ಡಿ ಈಗ ಸುಮ್ಮನ ಕುಂತೈತ್ರಿ. ಅದು ಹಿಂಗ ಕುಂದ್ರತೈತಿ ಅಂತ ನಾ ಮಾತ ಕೊಡಾಕ ಬರೂದಿಲ್ಲ."

ಮನೆಗೆ ಬಂದೆವು. ಯಜಮಾನರು "ಹೂಂ ಅಂದ ಬಿಡ ಗಿರಿಜಾ" ಎಂದು ಗೋಗರೆದರು. ಅವರ ಮೇಲೆ ಹರಿಹಾಯ್ದೆ. ಇದೇನು ಅನ್ಯಾಯ! ಇಷ್ಟು ದಿನ ಆ ವಿಷವೆಲ್ಲ ಮೈಯೊಳಗೆ ಹಾಕಿಸಿಕೊಂಡದ್ದು ಯಾತಕ್ಕೆ? ಕೂಸನ್ನು ಎತ್ತಿಕೊಳ್ಳಲೆಂದು ತಾನೇ? ಬದುಕಬೇಕಾದರೆ ಕೂಸನ್ನು ಮುಟ್ಟಬಾರದು, ಕೂಸನ್ನು ಮುಟ್ಟಿದರೆ ಬದುಕುವ ಭರವಸೆ ಇಲ್ಲ. ಯಾರಿಗೆ ಬೈಯಬೇಕು ತಿಳಿಯದೆ ಒಳಗಿನ ಆ ಗಡ್ಡೆಗೇ ಬೈದೆ. ಮುಂಡೇದು ಎಂದೆ, ಹಾಳಾಗಿ ಹೋಗು ಎಂದೆ.

ಸುಮಾ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. ಹೊಟ್ಟೆ ಹೊತ್ತುಕೊಂಡು ನಿಧಾನಕ್ಕೆ ನನ್ನ ಪಕ್ಕ ಬಂದು ಕೂತಳು.

"ಅವ್ವಾ, ಎರಿಯಾಕ ಯಾರರ ಸಿಗತಾರ. ಮುಂದ ಇದು ಸಾಲಿಗೆ ಹೋಗೂ ಮುಂದ ಜಡಿ ಹೆಣಿಯಾಕ ನೀ ಬೇಕು."

"ಹೆಣ್ಣ ಆಗತೈತಿ ಅಂತ ನಿನಗ್ಯಾರ ಹೇಳಿದ್ರ?"

"ಗಂಡಾದ್ರ ಬೈಯಾಕರ ಬೇಕಲ್ಲ."

ನನಗೆ ನಗು ಬಂತು, ಅಳುವೂ ಬಂತು. ಮಗಳನ್ನು ಅಪ್ಪಿಕೊಂಡೆ. ಇನ್ನು ಸ್ವಲ್ಪ ದಿನಕ್ಕೆ ಹೀಗೆ ಅಪ್ಪಿಕೊಳ್ಳುವಂತಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಬಿಡಲಿಲ್ಲ. ಆ ಹೊತ್ತಿಗೆ ನನ್ನ ಕಣ್ಣು ಅಂಗಳದಾಚೆ ಹೋಯಿತು. ಬೀಗ ಹಾಕಿದ ಗಿರಣಿ. ಅದರ ಬಾಗಿಲಿಗೆ ಎದುರಾಗಿ ನಮ್ಮ ಬಚ್ಚಲು.

"ಅದನ್ನೂ ಮಾಡಿಸಗೋತೇನಿ, ಬಾಣಂತನಾನೂ ಮಾಡತೇನಿ," ಎಂದೆ. "ಏನ್ರೀ, ಗಿರಣಿ ತೊಳೀರಿ."

ಯಜಮಾನರು ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಸೀನುತ್ತ ಸೀನುತ್ತ ಗಿರಣಿ ತೊಳೆದರು. ಮಷಿನ್ನುಗಳಿಗೆ ತಾಡಪತ್ರಿ ಹೊದಿಸಿ ನಡುವೆ ನನ್ನ ಮಂಚ ಹಾಕಿದರು. ಸುದ್ದಿ ತಿಳಿದದ್ದೇ ನೀಲವ್ವ ರಾಣೆಬೆನ್ನೂರಿನಿಂದ ಧಾವಿಸಿ ಬಂದರು. ಸೊಸೆಯನ್ನು ಕರೆದೊಯ್ಯುತ್ತೇನೆ ಎಂಬುದು ಅವರ ವಾದ.

"ಮಗಳ ಹತ್ತರ ಬರದಾಕಿ ಬಾಣಂತನಾ ಹೆಂಗ ಮಾಡತೀರಿ?"

"ಬಾಯಿಲೆ ಮಾಡತೇನಿ."

"ಬಾಯಿ ಐತಿ ಬಿಡ್ರಿ, ಅದು ನನಗೂ ಗೊತ್ತೈತಿ. ಕೂಸಿಗೆ ಎರಿಯೋರ ಯಾರು? ಬೀಗರೇನು?"

ನಮ್ಮ ಯಜಮಾನರು ಮೆಲ್ಲಗೆ ಅಲ್ಲಿಂದ ಜಾಗ ಖಾಲಿ ಮಾಡಿದರು. ನಮ್ಮಲ್ಲಿ ಬೀಗತಿ ಎಂದರೆ ಮಣೆ ಹಾಕಿ ಕೂರಿಸಿ ಉಪಚಾರ ಮಾಡಿಸಿಕೊಳ್ಳುವವರು. ಬೀಗರ ಮನೆಯಲ್ಲಿ ತಾನು ಉಂಡ ತಾಟು ಎತ್ತಿದರೂ ಆಡಿಕೊಳ್ಳುತ್ತಾರೆ. ಹೆಣ್ಣಿನ ತವರಿಗೆ ಬಂದು ಅತ್ತೆಯೇ ಬಾಣಂತನಕ್ಕೆ ಕೂತದ್ದನ್ನು ನಾನಂತೂ ಕಂಡಿಲ್ಲ. ಆದರೂ ಕೇಳಿದೆ. ನನ್ನ ಜೀವನದಲ್ಲಿ ನೀಲವ್ವನ ಹತ್ತಿರ ಏನನ್ನಾದರೂ ಬೇಡಿದ್ದರೆ ಅದೊಂದೇ.

"ನೀವ ಎರೀರಿ ಅಕ್ಕಾರ. ನಮ್ಮ ಮನ್ಯಾಗ ಇದ್ದು, ನೀವ ಎರೀರಿ."

ನೀಲವ್ವ ಸೆರಗು ಕೊಡವಿಕೊಂಡು ಎದ್ದರು. ಮಂದಿ ಏನಂದಾರು ಎಂದರು. ತಮ್ಮ ಮನೆಯಲ್ಲಿ ಯಾರು ನೋಡಿಕೊಳ್ಳಬೇಕು ಎಂದರು. ಬಾಗಿಲ ತನಕ ಹೋದರು. ಅಲ್ಲಿಂದ ತಿರುಗಿ, "ನಿಮ್ಮ ಮನೀ ಚಹಾಕ್ಕ ಸಕ್ರಿ ಭಾಳ ಹಾಕತೀರಿ. ನನಗ ಬ್ಯಾರೆ ಮಾಡಬೇಕು, ಈಗ ಹೇಳಿರತೇನಿ," ಎಂದರು.

ಗಣಪತಿ ಹಬ್ಬದ ಹೊತ್ತಿಗೆ ಬೆಂಗಳೂರಿನಲ್ಲಿ ಕಡ್ಡಿ ಇಟ್ಟರು. "ಅಮ್ಮಾ, ಎಡಗಡೆ ತಿರುಗಿ ಮಲಗಿ. ಏನೂ ಗೊತ್ತಾಗಲ್ಲ," ಎಂದಿತು ಒಂದು ದನಿ. ಗಂಟಲಿಗೆ ಕಹಿ ಔಷಧ ಹೊಡೆದರು. ಆಮೇಲೆ ನಿಜವಾಗಿಯೂ ಏನೂ ಗೊತ್ತಾಗಲಿಲ್ಲ. ಎಚ್ಚರಾದ ಮೇಲೆ ಎಲ್ಲ ಗೊತ್ತಾಯಿತು. ಹೊಟ್ಟೆ ಹಿಂಡುವ ನೋವು, ಜ್ವರ, ವಾಂತಿ. ಹೊಟ್ಟೆ ಸುಟ್ಟುಕೊಂಡಿದ್ದಾಳೆ ಎಂದು ಊರೆಲ್ಲ ಸುಳ್ಳು ಹೇಳಿದ್ದರು. ಈಗ ನಾನೇ ಒಪ್ಪಿ ಒಳಗೆ ಬೆಂಕಿ ಇಡಿಸಿಕೊಂಡಿದ್ದೆ. ಸುಡು, ಚೆನ್ನಾಗಿ ಸುಡು ಎಂದು ಹಲ್ಲು ಕಚ್ಚಿ ಮಲಗಿದೆ.

ಊರಿಗೆ ಬಂದವಳು ಮನೆಯೊಳಗೆ ಕಾಲಿಡಲಿಲ್ಲ. ಪಕ್ಕದ ಸಂದಿಯಿಂದ ನೇರ ಗಿರಣಿಗೆ ಹೋದೆ. ಸುಮಾ ಹಿಂಬಾಗಿಲಲ್ಲಿ ನಿಂತು ಕೈ ಬೀಸಿದಳು. ನಡುವೆ ಅಂಗಳ. ಅಷ್ಟು ಸಣ್ಣ ಅಂಗಳ ಆವತ್ತು ದಾಟಲಾರದಷ್ಟು ದೊಡ್ಡದಾಗಿತ್ತು. ತಾಡಪತ್ರಿ ಹೊದಿಸಿದ್ದರೂ ಗೋಡೆಗಳಿಂದ ಹಳೆಯ ಖಾರದ ವಾಸನೆ ಬರುತ್ತಿತ್ತು. ಮೊದಲ ವಾರ ಅದಕ್ಕೇ ವಾಂತಿ. ಆಮೇಲೆ ಹೊಂದಿಕೊಂಡೆ.

ನವರಾತ್ರಿಯಲ್ಲಿ ಹಾವೇರಿಯ ಆಸ್ಪತ್ರೆಯಲ್ಲಿ ಸುಮಾ ಹಡೆದಳು. ಎಲ್ಲರೂ ಅಲ್ಲಿದ್ದರು. ನಾನೊಬ್ಬಳು ಗಿರಣಿಯ ಮಂಚದ ಮೇಲೆ ಫೋನು ಹಿಡಿದು ಕೂತಿದ್ದೆ. ಯಜಮಾನರ ಫೋನು ಬಂತು. ಆ ಕಡೆಯಿಂದ ಬರೀ ಬಿಕ್ಕುವ ಸದ್ದು.

"ಏನಾತ್ರಿ? ಬಾಯಿ ಬಿಡ್ರಿ!"

"ಹೆಣ್ಣು, ಗಿರಿಜಾ. ಹೆಣ್ಣು. ಇಬ್ರೂ ಅರಾಮ ಅದಾರ."

ಜೀವ ಬಾಯಿಗೆ ಬಂದಿತ್ತು. ಅಳುವುದಕ್ಕೂ ಇಷ್ಟು ಹೊತ್ತೇ ಎಂದು ಅವರಿಗೆ ಬೈದು ಫೋನಿಟ್ಟೆ. ಆಮೇಲೆ ಮಷಿನ್ನಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಸಂತೋಷಕ್ಕೂ ಅತ್ತೆ, ಅಲ್ಲಿರಲಾಗದ ಸಂಕಟಕ್ಕೂ ಅತ್ತೆ.

ಬಾಣಂತನ ಶುರುವಾಯಿತು. ಗಿರಣಿಯಲ್ಲಿ ಕೂತೇ ಒಣಶುಂಠಿ, ಮೆಣಸು, ಹಿಪ್ಪಲಿ ಹದ ಹೇಳಿದೆ, ಯಜಮಾನರು ಕುಟ್ಟಿದರು. ಅಂಟು ಹುರಿದು, ಬೆಲ್ಲ ಕೊಬ್ಬರಿ ಸೇರಿಸಿ ಬಾಣಂತಿಗೆ ಅಂಟಿನುಂಡಿಯನ್ನು ನಾನೇ ಕಟ್ಟಿದೆ. ನೀಲವ್ವ ಅನುಮಾನದಿಂದ ನೋಡಿದರು. ಆ ರೇಡಿಯೇಷನ್ ಉಂಡಿಗೆ ಹತ್ತುವುದಿಲ್ಲವೇ ಎಂದು ಡಾಕ್ಟರಿಗೆ ಫೋನು ಮಾಡಿಸಿದರು. ಕೈಯಿಂದ, ಊಟದಿಂದ ಹೋಗುವಂಥದ್ದಲ್ಲ ಎಂದು ಡಾಕ್ಟರ್ ಹೇಳಿದರು. ಆದರೂ ಸುಮಾಗೆ ಕೊಡುವ ಮೊದಲು ನೀಲವ್ವ ಒಂದು ಉಂಡಿ ತಾವು ಬಾಯಿಗೆ ಹಾಕಿಕೊಂಡರು.

"ಬೆಲ್ಲ ಕಮ್ಮಿ ಆಗೇತಿ," ಎಂದರು ತುಂಬಿದ ಬಾಯಿಯಲ್ಲಿ.

ದಿನಾ ಬೆಳಿಗ್ಗೆ ಎರೆಯುವ ಹೊತ್ತು ಬಂತೆಂದರೆ ನಾನು ಗಿರಣಿ ಬಾಗಿಲಿಗೆ ಕುರ್ಚಿ ಹಾಕಿ ಕೂರುತ್ತಿದ್ದೆ. ಆ ಕಡೆ ಬಚ್ಚಲಲ್ಲಿ ನೀಲವ್ವ ಮಣೆಯ ಮೇಲೆ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಳ್ಳುತ್ತಿದ್ದರು. ಯಜಮಾನರು ತಂಬಿಗೆಯಿಂದ ನೀರು ಹಾಕುವವರು. ನನ್ನ ಕೆಲಸ ಕೂಗುವುದು.

"ಅಕ್ಕಾರ, ನೀರು ಸುಡತೈತಿ! ಹೊಗಿ ಕಾಣಸ್ತೈತಿ ಇಲ್ಲಿಗೆ!"

"ಸುಡೂದಿಲ್ಲ. ಸುಮ್ಮನ ಕುಂದ್ರಿ!"

"ನೆತ್ತಿ ತಟ್ಟರಿ! ಮೂಗ ತೀಡ್ರಿ! ಮೂಗ ಮೊಂಡ ಆದ್ರ ಯಾರ ಲಗ್ನಾ ಆಗತಾರ?"

"ನಮ್ಮ ಮನಿಯವರ ಮೂಗ ಬಂದೈತ್ರಿ ಇದಕ್ಕ. ಎಷ್ಟ ತೀಡಿದ್ರೂ ಇಷ್ಟ!"

"ಏನ್ರೀ ನೀವು, ನೀರ ಹಾಕ್ರಿ ಅಂದ್ರ ಮುಖದ ಮ್ಯಾಲೆ ಸುರೀತೀರಲ್ಲ! ಅದೇನು ಬಸ್ ತೊಳಿಯಾಕತ್ತೀರೇನು?"

ಓಣಿಯ ಜನ ಗೋಡೆಯಾಚೆ ನಿಂತು ನಗುತ್ತಿದ್ದರು. ನಗಲಿ. ಮೊದಲು ಲೊಚಗುಟ್ಟುತ್ತಿದ್ದವರೇ ತಾನೇ? ತೊಟ್ಟಿಲಿಗೆ ಹಾಕಿದ ದಿನವೂ ಗಿರಣಿ ಬಾಗಿಲಲ್ಲೇ ನಿಂತಿದ್ದೆ. ಒಳಗಿನ ಜೋಗುಳ ಕೇಳಿಸದಿದ್ದಾಗ ಜೋರಾಗಿ ಹಾಡಿ ಎಂದು ಅಲ್ಲಿಂದಲೇ ಗದರಿದೆ. ಕೂಸಿಗೆ ಗೌರಿ ಎಂದು ಹೆಸರಿಟ್ಟರು.

ಎಲ್ಲ ದಿನವೂ ಹೀಗಿರಲಿಲ್ಲ. ಕೀಮೋ ಹಾಕಿದ ಮೇಲಿನ ಕೆಲವು ದಿನ ಕುರ್ಚಿಯಲ್ಲಿ ಕೂರಲೂ ಆಗುತ್ತಿರಲಿಲ್ಲ. ಮಲಗಿದಲ್ಲಿಂದಲೇ ಕೂಗಿದರೆ ದನಿ ಬಾಗಿಲು ದಾಟುತ್ತಿರಲಿಲ್ಲ. ಒಮ್ಮೆ ಚಳಿಜ್ವರ ಬಂತು. ರಕ್ತದಲ್ಲಿ ಬಿಳಿಕಣ ಕುಸಿದಿವೆ ಎಂದು ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿಕೊಂಡರು. ಅಲ್ಲಿ ಕೈಗೆ ಸಲೈನ್ ಏರಿಸಿಕೊಂಡು ಬಿದ್ದಿದ್ದಾಗ ಮೊದಲ ಸಲ ಸೋತೆ ಎನಿಸಿತು. ಸುಮ್ಮನೆ ಕಡ್ಡಿ ಇಡಿಸಿಕೊಂಡೆ. ಆ ದಿನಗಳೂ ಹೋದವು, ಕೂಸೂ ಕೈಗೆ ಸಿಗಲಿಲ್ಲ. ಯಜಮಾನರು ಏನೋ ಸಮಾಧಾನ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ನೀಲವ್ವನ ಫೋನು.

"ಯಾವಾಗ ಬರತೀರಿ? ಇಲ್ಲಿ ಬೈಯೋರಿಲ್ಲದ ನೀರ ಬಿಸಿ ಆತೋ ತಣ್ಣಗಾತೋ ತಿಳಿವಲ್ದು."

ನಾನು ಗೋಡೆಯ ಕಡೆ ಹೊರಳಿಕೊಂಡೆ. ನಮ್ಮಿಬ್ಬರ ಹಳೆಯ ಜಗಳದ ಕಾರಣ ನೆನಪು ಮಾಡಿಕೊಳ್ಳಲು ನೋಡಿದೆ, ಎಷ್ಟು ಯೋಚಿಸಿದರೂ ಆ ಊಟದ ಪಂಕ್ತಿಯಲ್ಲಿ ಯಾರು ಮೊದಲು ಅಂದರು ಎಂಬುದೇ ಹೊಳೆಯಲಿಲ್ಲ. ಜ್ವರ ಇಳಿದ ಮೇಲೆ ಊರಿಗೆ ಬಂದೆ.

ಎಳ್ಳ ಅಮಾವಾಸ್ಯೆ ಹತ್ತಿರವಾದಾಗ ಮತ್ತೆ ಸ್ಕ್ಯಾನ್. ಡಾಕ್ಟರ್ ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದರು. ನನಗೆ ಎರಡೂ ಒಂದೇ ಥರದ ಬೂದಿಯಂತೆ ಕಂಡವು.

"ಕುಗ್ಗೇತ್ರಿ. ಚೊಲೋನ ಕುಗ್ಗೇತಿ. ರಕ್ತನಾಳದ ಒಂದು ಬದಿ ಬಿಟ್ಟೈತಿ. ಹೋಗಿಲ್ಲ, ಇನ್ನೂ ಐತಿ. ಕೀಮೋ ಮುಂದುವರಸೋಣು. ಆಪರೇಷನ್ ಆಗತೈತೋ ಇಲ್ಲೋ ಸರ್ಜನ್ ಜೋಡಿ ಕುಂತು ನೋಡತೇವಿ. ಈಗ ಅದರ ಬಗ್ಗೆ ಆಸೆ ಹುಟ್ಟಸೂದಿಲ್ಲ."

"ಅದು ಇರಲಿ," ಎಂದೆ. "ಕೂಸ ಎತಗೋಬೌದೇನ್ರಿ?"

ಡಾಕ್ಟರ್ ಕನ್ನಡಕ ತೆಗೆದರು. "ಮೂರು ತಿಂಗಳ ಮುಗದಾವ. ಎತಗೋರಿ."

ಮರುದಿನ ಬೆಳಿಗ್ಗೆ ಅಂಗಳ ದಾಟಿದೆ. ನೀಲವ್ವ ಮಣೆಯಿಂದ ಎದ್ದು ಜಾಗ ಬಿಟ್ಟರು. ನಾನು ಕೂತು ಕಾಲು ಚಾಚಿದೆ. ಮಾಂಸವೆಲ್ಲ ಇಳಿದು ಕಾಲು ಎರಡು ಕೋಲಿನಂತಾಗಿದ್ದವು. ಈ ಕಾಲ ಮೇಲೆ ಕೂಸು ನಿಂತೀತೇ ಎಂದು ಹೆದರಿಕೆಯಾಯಿತು. ಸುಮಾ ಬಗ್ಗಿ ಗೌರಿಯನ್ನು ಮಲಗಿಸಿದಳು. ಬೆಚ್ಚಗೆ, ಮೆತ್ತಗೆ, ಎಣ್ಣೆಯ ಜಿಡ್ಡಿನ ಮೈ. ಎಷ್ಟು ತಿಂಗಳಿನಿಂದ ಎದೆಯೊಳಗೆ ಇಟ್ಟುಕೊಂಡಿದ್ದ ಮುದ್ದೆಲ್ಲ ಮೆಲ್ಲಗೆ ಹೊರಬಂತು.

"ನನ್ನ ಬಂಗಾರಾ, ನನ್ನ ಅವ್ವಾ, ನನ್ನ ಚಿನ್ನಾ..."

ಕೂಸು ನನ್ನ ಮುಖ ನೋಡಿತು. ಬಾಯಿ ಸೊಟ್ಟ ಮಾಡಿತು. ಕಿರುಚಿ ಅಳಲು ಶುರುಮಾಡಿತು.

ಎಷ್ಟು ರಮಿಸಿದರೂ ನಿಲ್ಲಲಿಲ್ಲ. ಇನ್ನೂ ಮೆತ್ತಗೆ ಮಾತಾಡಿದೆ, ಇನ್ನೂ ಜೋರಾಗಿ ಅತ್ತಿತು. ನೀಲವ್ವನ ದನಿ ಬಂದ ಕಡೆ ಮುಖ ಹೊರಳಿಸಿತು. ನಾನು ಇದಕ್ಕೆ ಯಾರೂ ಅಲ್ಲ, ಗುರುತೇ ಇಲ್ಲದವಳು. ತೆಗೆದುಕೊಳ್ಳಿ ಎಂದು ನೀಲವ್ವನಿಗೆ ಹೇಳಬೇಕೆನ್ನುವಷ್ಟರಲ್ಲಿ, ಗಡಿಬಿಡಿಯಲ್ಲಿ ಯಜಮಾನರು ಒಂದು ತಂಬಿಗೆ ನೀರು ಹಾಕಿಬಿಟ್ಟರು. ಅದು ನನ್ನ ಪಾದಕ್ಕೆ ಬಿತ್ತು. ಕಾದ ನೀರು.

"ಏನ್ರೀ! ಕಣ್ಣ ಕಾಣಸ್ತಾವೋ ಇಲ್ಲೋ ನಿಮಗ? ಸುಡು ನೀರ ಹಾಕತೀರಲ್ಲ! ಕೂಸಿನ ಮ್ಯಾಲೆ ಬಿದ್ದಿದ್ರ ಏನ ಗತಿ?"

ಅಳು ನಿಂತಿತು.

ಗೌರಿ ಬಾಯಿ ತೆರೆದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಮೊದಲು ನಕ್ಕವರು ನೀಲವ್ವ.

"ದಿನಾ ಅಂಗಳದಾಚೆಯಿಂದ ಒದರತಿದ್ದಾಕಿ ಈಕೀನ ಅಂತ ಈಗ ತಿಳೀತ ನೋಡ್ರಿ ಅದಕ್ಕ. ನಿಲ್ಲಸಬ್ಯಾಡ್ರಿ ಬೀಗತ್ಯಾರ. ಬೈರಿ, ಬೈರಿ."

ಬೈದೆ. ನೀರು ಬೆರೆಸಲು ಬಾರದ ಯಜಮಾನರನ್ನು ಬೈದೆ. ಮೂಗು ಸರಿಯಾಗಿ ತೀಡಿಲ್ಲವೆಂದು ನೀಲವ್ವನನ್ನು ಬೈದೆ. ಅಳುತ್ತ ನಿಂತಿದ್ದ ಸುಮಾಳನ್ನು, ಬಾಣಂತಿ ಕಣ್ಣೀರು ಹಾಕಬಾರದೆಂದು ಬೈದೆ. ಬೈಯುತ್ತಲೇ ನೆತ್ತಿ ತಟ್ಟಿದೆ, ಕೈಕಾಲು ನೀವಿದೆ, ನೀರು ಹಾಕಿದೆ. ಬೈಯಲು ಯಾರೂ ಉಳಿಯದಿದ್ದಾಗ ನನ್ನ ಹೊಟ್ಟೆಯೊಳಗೆ ಇನ್ನೂ ಕೂತಿರುವ ಆ ಗಡ್ಡೆಯನ್ನು ಬೈದೆ. ಈ ಕೂಸು ಸಾಲಿಗೆ ಹೋಗಬೇಕು, ನಾನು ಜಡೆ ಹೆಣೆಯಬೇಕು, ನಿನಗೆ ಇಲ್ಲಿ ಜಾಗವಿಲ್ಲ, ನಡಿ ಎಂದೆ. ನನ್ನ ಕೋಲುಗಾಲಿನ ಮೇಲೆ ಗೌರಿಗೆ ನಿದ್ದೆ ಹತ್ತಿತು.